ಎರಡೇ ಸೈಕಲ್

ನ್ಯೂಜೆರ್ಸಿಯ ಕ್ರ್ಯಾನ್‌ಬರಿ ಎಂಬ ಹಳ್ಳಿಯನ್ನು ನೋಡಿ, ಇಂಗ್ಲೆಂಡಿನ ಹಳ್ಳಿಗಳು ಥೇಟ್ ಹೀಗೇ ಇರುತ್ತವೆ ಎಂದು ತೀರ್ಪು ಕೊಟ್ಟವರು ನನ್ನ ಯಜಮಾನರು. ಆಗ ನಮ್ಮಿಬ್ಬರಲ್ಲಿ ಯಾರೂ ಇಂಗ್ಲೆಂಡನ್ನು ಕಂಡವರಲ್ಲ. ಆದರೂ ನಾನು ನಂಬಿದೆ. ಆ ಕಾಲಕ್ಕೆ ಇವರು ಹೇಳಿದ್ದನ್ನೆಲ್ಲ ನಂಬುತ್ತಿದ್ದೆ.

ಅರವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದವಳು ನಾನು. ಸಮರ್‌ಸೆಟ್‌ನಲ್ಲಿ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು. ಇವರು ಇಂಜಿನಿಯರು, ಬೆಳಿಗ್ಗೆ ಕಾರು ತೆಗೆದುಕೊಂಡು ಹೋದರೆ ನಾನು ಸಂಜೆಯವರೆಗೆ ನಾಲ್ಕು ಗೋಡೆಗಳ ನಡುವೆ. ಪೆಟ್ರೋಲಿಗೆ ಬರ ಬಂದು ಗ್ಯಾಸ್ ಸ್ಟೇಷನ್ನಿನ ಮುಂದೆ ಕಾರುಗಳು ಉದ್ದಕ್ಕೆ ಸಾಲು ನಿಂತ ಚಳಿಗಾಲದಲ್ಲಿ ಅಕ್ಕಪಕ್ಕದವರೆಲ್ಲ ಸೈಕಲ್ ಕೊಂಡರು. ಇವರೂ ಎರಡು ತಂದರು. ಮೈಸೂರಿನಲ್ಲಿ ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತು ಕಾಲೇಜಿಗೆ ಹೋದವಳು ನಾನು. ಸೀಟಿನ ಮೇಲೆ ಯಾರೂ ಕೂರಿಸಿರಲಿಲ್ಲ.

ಇವರು ಕೂರಿಸಿದರು. ಅದನ್ನು ಇಲ್ಲವೆನ್ನಲಾರೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿದರು. ನನ್ನ ಬೆಲ್‌ಬಾಟಮ್ ಚೈನಿಗೆ ಸಿಕ್ಕಿ ಎರಡು ಸಲ ಬಿದ್ದೆ. ಮೂರನೆಯ ದಿನ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹತ್ತಿದೆ. ತಿರುಗಿ ನೋಡಿದರೆ ಇವರು ಕೈ ಬಿಟ್ಟು ಎಷ್ಟೋ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ನನಗೆ ನಿಜವಾಗಿ ಖುಷಿಯಾದ ಮೊದಲ ದಿನ ಅದು.

ಆಮೇಲೆ ಪ್ರತಿ ಭಾನುವಾರ ಸೈಕಲ್ಲುಗಳನ್ನು ಕಾರಿನ ತಲೆಗೆ ಕಟ್ಟಿಕೊಂಡು ಕ್ರ್ಯಾನ್‌ಬರಿಗೆ ಹೋಗುವುದು. ಆಗ ಅಲ್ಲಿ ಇದ್ದದ್ದು ಆಲೂಗೆಡ್ಡೆ ಹೊಲ, ಬಿಳಿ ಮರದ ಮನೆಗಳು, ಒಂದು ಕೆರೆ, ಬಾತುಕೋಳಿ. ನಿಧಾನವಾಗಿ ತುಳಿಯುತ್ತ ಹೋಗಿ ಯಾವುದಾದರೂ ಮರದ ಕೆಳಗೆ ಕೂತು ಚಪಾತಿ, ಪಲ್ಯ ತಿಂದು ಬರುತ್ತಿದ್ದೆವು. ಹಾಗೊಮ್ಮೆ ಕೂತಾಗ ಮಾತು ಎದ್ದಿತು. ಮುಂದಿನ ಬೇಸಿಗೆಗೆ ಊರಿಗೆ ಹೋಗಬೇಕು, ಟಿಕೆಟ್ಟಿನಲ್ಲಿ ಲಂಡನ್ನಿನಲ್ಲಿ ಇಳಿದು ಹೋಗಲು ಅವಕಾಶವಿದೆ, ಎಂಟು ದಿನ ಅಲ್ಲಿಯ ಹಳ್ಳಿಗಾಡನ್ನು ಸೈಕಲ್ಲಿನಲ್ಲಿ ಸುತ್ತಿದರೆ ಹೇಗೆ?

ಆ ಎಂಟು ದಿನಕ್ಕಾಗಿ ನಾನು ಒಂದು ವರ್ಷ ದುಡಿದೆ. ಲೈಬ್ರರಿಯಿಂದ ನಕ್ಷೆ ತಂದು ಕಾಟ್ಸ್‌ವಲ್ಡ್ ಕಡೆಯ ಹಳ್ಳಿಗಳನ್ನು ಗುರುತು ಮಾಡಿದೆ. ಆಕ್ಸ್‌ಫರ್ಡಿನ ಸೈಕಲ್ ಅಂಗಡಿಗೆ ಬರೆದು ಎರಡು ಸೈಕಲ್ ಗೊತ್ತು ಮಾಡಿದೆ, ಒಂದು ಗಂಡಸರದು, ಒಂದು ಹೆಂಗಸರದು. ದಾರಿಯುದ್ದಕ್ಕೂ ರಾತ್ರಿ ತಂಗಲು ಮನೆಗಳಲ್ಲಿ ಕೋಣೆ ಕೇಳಿ, ನಾವು ಮಾಂಸ, ಮೊಟ್ಟೆ ತಿನ್ನುವವರಲ್ಲ ಎಂದು ವಿವರಿಸಿ ಪತ್ರ ಹಾಕಿದೆ. ನನ್ನ ಯಜಮಾನರು ಹೆಡ್ಡಾಫೀಸಿನ ದೊರೆಯಂತೆ ಎಲ್ಲದಕ್ಕೂ ತಲೆಯಾಡಿಸಿದರು. ಅವರು ತಾವಾಗಿ ಬರೆದದ್ದು ಒಂದೇ ಒಂದು ಕಾಗದ. ಅದೇ ಎಲ್ಲವನ್ನೂ ಮುಳುಗಿಸಿತು.

ಲಂಡನ್ನಿನಲ್ಲಿ ಇವರ ದೊಡ್ಡಪ್ಪನ ಮಗ ಡಾಕ್ಟರಾಗಿದ್ದರು, ನನಗೆ ಭಾವ. ಅವರಿಗೆ ಬರೆದೆ ಎಂದು ಇವರು ಹೇಳಿದಾಗ ನಾನು ನಕ್ಷೆಯಿಂದ ತಲೆಯೆತ್ತಿದೆ.

"ಯಾಕ್ರೀ ಬರೆಯೋಕೆ ಹೋದ್ರಿ? ಊರಿಂದ ವಾಪಸ್ ಬರೋವಾಗ ನೋಡ್ಬಹುದಿತ್ತು."

"ಆ ಊರಲ್ಲಿ ಇಳಿದು ಹೇಳ್ದೇ ಹೋದ್ರೆ ಅಣ್ಣ ಏನಂದ್ಕೋತಾನೆ? ಒಂದು ಊಟ ಮುಗಿಸಿ ಹೊರಟ್ಬಿಡೋಣ."

ನಮ್ಮವರಲ್ಲಿ ಒಂದು ಊಟ ಎಂಬುದು ಇಲ್ಲವೆಂದು ಅವರಿಗೂ ಗೊತ್ತಿತ್ತು. ಭಾವ ವಿಮಾನ ನಿಲ್ದಾಣಕ್ಕೇ ಕಾರು ತಂದಿದ್ದರು. ಮನೆಗೆ ಹೋಗಿ ಕಾಫಿ ಕುಡಿಯುವಷ್ಟರಲ್ಲಿ ಓರಗಿತ್ತಿ ನಮ್ಮ ನಾಲ್ಕು ದಿನಗಳನ್ನು ಹಂಚಿಬಿಟ್ಟಿದ್ದರು. ಒಂದೊಂದು ಹೊತ್ತು ಒಂದೊಂದು ಕನ್ನಡದ ಮನೆಯಲ್ಲಿ ಊಟ. ಒಂದು ಮನೆಗೆ ಹೋಗಿ ಇನ್ನೊಂದು ಮನೆ ಬಿಟ್ಟರೆ ಅವರಿಗೆ ಬೇಜಾರು. ಎಲ್ಲ ಕಡೆಯೂ ಅದೇ ಸಾರು, ಅದೇ ಪಾಯಸ, ಅಮೆರಿಕದಲ್ಲಿ ಕೊತ್ತಂಬರಿ ಸೊಪ್ಪು ಸಿಗುತ್ತಾ ಎಂಬ ಅದೇ ಪ್ರಶ್ನೆ. ಇವರು ಫೋನ್ ಮಾಡಿ ಮೊದಲ ಮೂರು ರಾತ್ರಿಯ ಕೋಣೆಗಳನ್ನು ಬೇಡವೆಂದರು. ನಾನು ಬರೆದು ಬರೆದು ಗಳಿಸಿದ ಕೋಣೆಗಳು. ಇನ್ನೂ ಮೂರು ರಾತ್ರಿ ಉಳಿದಿವೆಯಲ್ಲ ಎಂದು ಹಲ್ಲು ಕಚ್ಚಿಕೊಂಡು ಬಡಿಸಿದ್ದನ್ನೆಲ್ಲ ತಿಂದೆ.

ಮಂಗಳವಾರ ಸಂಜೆ ಭಾವ ನಗುತ್ತ ಮನೆಗೆ ಬಂದರು. "ಮೂರು ದಿನ ರಜ ಹಾಕಿದೀನಿ ಕಣೋ. ಇಷ್ಟು ವರ್ಷ ಇಲ್ಲಿದ್ದು ಒಂದು ಹಳ್ಳೀನೂ ನೋಡಿಲ್ಲ. ನಾನೂ ಬರ್ತೀನಿ."

ಇವರ ಮುಖ ಅರಳಿತು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಡಬಲ್ ರೈಡ್ ಹೋಗುತ್ತಿದ್ದವರಂತೆ. ನಾನು ಕೋಣೆಗೆ ಕರೆದು, "ಇನ್ನೊಂದು ಸೈಕಲ್ ತಗೊಳ್ಳಿ, ಮೂರೂ ಜನ ಹೋಗೋಣ" ಎಂದೆ.

"ರೂಮು ಇರೋದು ಒಂದೇ ಅಲ್ವೇನೇ? ಗೊತ್ತು ಮಾಡಿರೋದು ಎರಡೇ ಸೈಕಲ್. ಶನಿವಾರ ಇಲ್ಲಿ ಸತ್ಯನಾರಾಯಣ ಪೂಜೆ ಬೇರೆ, ನಲವತ್ತು ಜನ. ಅತ್ತಿಗೆ ಒಬ್ರೇ ಏನು ಮಾಡ್ತಾರೆ? ಈ ಸಲ ಅಡ್ಜಸ್ಟ್ ಮಾಡ್ಕೋ. ಮುಂದಿನ ಸಲ ನಾವಿಬ್ರೇ ಬರೋಣ."

ಊರಿನಿಂದ ಮಗನ ಮನೆಗೆ ಬಂದಿದ್ದ ದೊಡ್ಡತ್ತೆ ಬಾಗಿಲಲ್ಲೇ ಇದ್ದರು. "ಹೋಗ್ಲಿ ಬಿಡಮ್ಮ ಗಂಡಸರು. ನಾವು ನಾವೇ ಹಾಯಾಗಿರೋಣ," ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರ ಎದುರಿಗೆ ನಾನು ಗಂಡನ ಜೊತೆ ಜಗಳವಾಡಲಾರೆ ಎಂಬುದು ಇವರಿಗೆ ಗೊತ್ತಿತ್ತು. ನನಗೆ ಇವತ್ತಿಗೂ ಸಿಟ್ಟಿರುವುದು ಆ ಲೆಕ್ಕಾಚಾರದ ಮೇಲೆ.

ಇಬ್ಬರೂ ಹೋದರು. ಭಾವ ನನಗಿಂತ ಒಂದೆರಡು ಇಂಚು ಎತ್ತರ, ಅಷ್ಟೆ. ಹೆಂಗಸರ ಸೈಕಲ್ ಅವರಿಗೆ ಚೆನ್ನಾಗಿ ಒಗ್ಗಿತಂತೆ. ಗಂಡ ಹೆಂಡತಿಗೆಂದು ನಾನು ಹೇಳಿಟ್ಟಿದ್ದ ಮಂಚದ ಮೇಲೆ ಅಣ್ಣ ತಮ್ಮ ಮಲಗಿದ್ದನ್ನು ಕಂಡು ಮನೆಯೊಡತಿ ನಕ್ಕಳಂತೆ. ಇತ್ತ ನಾನು ಮೂರು ದಿನ ಹೊರಗೆ ಕಾಲಿಡಲಿಲ್ಲ. ರವೆ ಹುರಿದೆ, ಬೇಳೆ ಬೇಯಿಸಿದೆ, ಗೋಡಂಬಿ ಸೀಳಿದೆ. ಶನಿವಾರ ಮಧ್ಯಾಹ್ನ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಇಬ್ಬರೂ ಬಂದಿಳಿದರು, ಮೂಗು ಕೆಂಪಗೆ ಸುಟ್ಟುಕೊಂಡು. ಪ್ರಸಾದಕ್ಕೆ ಕೈಯೊಡ್ಡಿ ಇವರು ನನಗೆ ಹೇಳಿದ ಮೊದಲ ಮಾತು, "ತುಂಬಾ ಹಸಿವು ಕಣೇ."

ಊರಿಗೆ ಹೋಗಿ ಸಮರ್‌ಸೆಟ್‌ಗೆ ಮರಳಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಇವರು ಪರಿಚಯದವರನ್ನೆಲ್ಲ ಕರೆದರು. ಪರದೆ ಎಳೆದು, ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಸ್ಲೈಡ್ ತೋರಿಸಿದರು. ಕಲ್ಲಿನ ಮನೆಗಳು, ಕುರಿಗಳು, ಗುಲಾಬಿ ಬಳ್ಳಿ ಹಬ್ಬಿದ ಬಾಗಿಲು, ಅವುಗಳ ಮುಂದೆ ಇವರು. ಒಂದೊಂದಕ್ಕೂ "ನಾವು ಇಲ್ಲಿ ಇಳಿದ್ವಿ, ನಾವು ಇಲ್ಲಿ ಟೀ ಕುಡಿದ್ವಿ." ಭಾವ ಇದ್ದ ಚಿತ್ರಗಳನ್ನು ಮೊದಲೇ ಆರಿಸಿ ತೆಗೆದಿದ್ದರೆಂದು ನನಗೆ ಆಗ ಹೊಳೆಯಿತು. ಕೊನೆಗೆ ಒಬ್ಬಾಕೆ ನನ್ನ ಕಡೆ ತಿರುಗಿ, "ಏನ್ರೀ, ಬರೀ ಅವರದ್ದೇ ಇದೆ. ನಿಮ್ಮದು ಒಂದೂ ಇಲ್ವಲ್ಲ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಇವರು ಅಂದರು, "ಕ್ಯಾಮೆರಾ ಅವಳ ಕೈಲಿತ್ತಲ್ಲ, ಅದಕ್ಕೇ."

ಎಲ್ಲರೂ ನಕ್ಕರು. ಫೋಟೋ ಚೆನ್ನಾಗಿ ಹಿಡಿದಿದ್ದೀರಿ ಎಂದು ಒಬ್ಬರು ಹೊಗಳಿದರು. ನಾನು ಕಾಫಿ ಮಾಡಲು ಎದ್ದು ಹೋದೆ.

ಮುಂದಿನ ಭಾನುವಾರ ಇವರು ಸೈಕಲ್ ಕಟ್ಟುತ್ತ ಕೂಗಿದಾಗ ತಲೆನೋವು ಎಂದೆ. ಅದರ ಮುಂದಿನ ವಾರ ಬಟ್ಟೆ ಒಗೆಯಬೇಕು ಎಂದೆ. ಯಾಕೆ ಎಂದು ಕೇಳಲಿ, ಕೇಳಿದರೆ ಎಲ್ಲವನ್ನೂ ಮುಖಕ್ಕೆ ಹೇಳಿಬಿಡುತ್ತೇನೆ ಎಂದು ಕಾದೆ. ಸೈಕಲ್ ಬಿಟ್ಟರೆ ಅವರಿಗೆ ನಾಟುತ್ತದೆ ಎಂದುಕೊಂಡ ಮೂರ್ಖಳು ನಾನು. ಅವರು ಆಫೀಸಿನ ಗೆಳೆಯರೊಬ್ಬರನ್ನು ಜೊತೆ ಮಾಡಿಕೊಂಡರು. ಮುಂದಿನ ವಸಂತದಲ್ಲಿ ನನ್ನ ಸೈಕಲ್ಲನ್ನು ಕೆಳಗಿನ ಮನೆಯವರು ಕೇಳಿದಾಗ ಕೊಟ್ಟುಬಿಟ್ಟೆ.

ಅದಾಗಿ ಕೆಲವು ವರ್ಷಗಳ ಮೇಲೆ, ಹೊಸದಾಗಿ ಬಂದ ದಂಪತಿ ಊಟಕ್ಕೆ ಬಂದಿದ್ದರು. ನೀವೂ ಸೈಕಲ್ ತುಳಿಯುತ್ತೀರಾ ಎಂದು ಆ ಹುಡುಗಿ ನನ್ನನ್ನು ಕೇಳಿದಳು. ಇವರು ಅನ್ನ ಕಲಸುತ್ತ ತಲೆಯೆತ್ತದೆ ಹೇಳಿದರು, "ಅವಳಿಗೆ ಮೊದಲಿಂದ್ಲೂ ಅದು ಅಷ್ಟಕ್ಕಷ್ಟೆ."

ಇವರ ಮುಖ ನೋಡಿದೆ. ಈ ಸಲ ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗೆಂದೇ ನಂಬಿದ್ದರು.