ಕೈ ಜೇಬಿನಲ್ಲೇ ಇರಲಿ

ನಮ್ಮ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಒಂದು ಪದ್ಧತಿಯಿದೆ. ಟೆಕ್ನಾಲಜಿ ಓದುವ ವಿದ್ಯಾರ್ಥಿ ಮೊದಲ ಸಲ ಒಬ್ಬರೇ ರೋಗಿಯ ಸ್ಕ್ಯಾನ್ ಮಾಡುವಾಗ ಕಲಿಸಿದವರು ಹಿಂದೆ ನಿಲ್ಲಬೇಕು. ಎರಡೂ ಕೈ ಕೋಟಿನ ಜೇಬಿನಲ್ಲಿರಬೇಕು. ಬೆರಳು ತೋರಿಸುವಂತಿಲ್ಲ, ಕೆಮ್ಮುವಂತಿಲ್ಲ. ರೋಗಿಗೆ ತೊಂದರೆಯಾಗುವಂತಿದ್ದರೆ ಬಾಯಿ ಬಿಡಬಹುದು, ಆದರೆ ಬಿಟ್ಟರೆ ವಿದ್ಯಾರ್ಥಿಯ ತರಬೇತಿ ಮತ್ತೆ ಮೊದಲಿನಿಂದ. ಮನೆಗೆ ಬೀಗ ಹಾಕಿ ಪದ್ಮನಾಭನಗರದ ಸಿಗ್ನಲ್ ತನಕ ಬಂದು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಸ್ಕೂಟರ್ ತಿರುಗಿಸುವ ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ.

ಅವತ್ತಿನ ಸರದಿ ಇಟ್ಟಮಡುವಿನಿಂದ ಬರುವ ಹುಡುಗಿಯದು. ನಾನು ಬೆಳಿಗ್ಗೆಯಿಂದ ಮೂರು ಸಲ ಕ್ಯಾಮೆರಾ ಸರಿಯಿದೆಯೇ ಎಂದು ನೋಡಿ ಬಂದಿದ್ದೆ. ಅವಳು ಕ್ಯಾಂಟೀನಿನಲ್ಲಿ ಎರಡನೇ ಪ್ಲೇಟ್ ಖಾರಾಬಾತ್ ಮುಗಿಸುತ್ತಿದ್ದಳು.

"ಟೆನ್ಷನ್ ಮಾಡ್ಕೋಬೇಡಿ ಮೇಡಂ," ಎಂದಳು. ಪರೀಕ್ಷೆ ಯಾರಿಗೆ ಎಂದು ನನಗೇ ಅನುಮಾನ ಬಂತು.

ರೋಗಿ ಜಯನಗರದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ನೋಡಬೇಕಿತ್ತು. ವಿಕಿರಣ ಸೂಸುವ ಔಷಧಿಯನ್ನು ಚುಚ್ಚಿದರೆ ಅದು ಹೋಗಿ ಮೂಳೆಗಳಲ್ಲಿ ಕೂರುತ್ತದೆ, ಮಿಕ್ಕದ್ದು ಮೂತ್ರದಲ್ಲಿ ಹೊರಬರುತ್ತದೆ. ಅದಕ್ಕೇ ಚೆನ್ನಾಗಿ ನೀರು ಕುಡಿಸಿ, ಬಾತ್‌ರೂಮಿಗೆ ಕಳಿಸಿ, ಆಮೇಲೆ ಕ್ಯಾಮೆರಾ ಕೆಳಗೆ ಮಲಗಿಸುವುದು.

"ಏನಮ್ಮಾ, ಇವತ್ತು ರಾತ್ರಿ ಬಲ್ಬ್ ಥರ ಉರೀತೀನಾ?" ಮಲಗಿದಲ್ಲಿಂದಲೇ ಮೇಷ್ಟ್ರು ಕೇಳಿದರು.

"ಇಲ್ಲ ಅಂಕಲ್. ಕರೆಂಟ್ ಹೋದ್ರೆ ನಿಮ್ಮನ್ನ ನಂಬ್ಕೋಬೇಡಿ ಅಂತ ಆಂಟಿಗೆ ಹೇಳ್ಬಿಡಿ."

ಮಾನಿಟರಿನಲ್ಲಿ ತಲೆಬುರುಡೆ, ಪಕ್ಕೆಲುಬು, ಬೆನ್ನೆಲುಬು ಮೂಡುತ್ತ ಬಂದವು. ಎಲ್ಲ ಚೊಕ್ಕ. ಸೊಂಟದ ಕೆಳಗೆ, ತೊಡೆಮೂಳೆ ಶುರುವಾಗುವಲ್ಲಿ ಮಾತ್ರ ಕಪ್ಪಗೆ ಒಂದು ಚುಕ್ಕೆ.

ಕ್ಯಾನ್ಸರ್ ಹರಡಿದ್ದರೆ ಹಾಗೆ ಕಾಣುತ್ತದೆ. ಬಟ್ಟೆಯ ಮೇಲೆ ಬಿದ್ದ ಒಂದು ಹನಿ ಮೂತ್ರವೂ ಹಾಗೆಯೇ ಕಾಣುತ್ತದೆ. ಹೇಳು, ಕೇಳು, ಏನಾದರೂ ಮಾಡು ತಾಯಿ ಎಂದು ಅವಳ ಬೆನ್ನನ್ನೇ ನೋಡುತ್ತಿದ್ದೆ. ನನ್ನ ಬೆರಳುಗಳು ಜೇಬಿನ ಹೊಲಿಗೆ ಬಿಚ್ಚತೊಡಗಿದವು.

"ಎದ್ದೇಳಿ ಅಂಕಲ್," ಎಂದಳು.

ಮುಗಿಯಿತು. ಕಳಿಸಿಬಿಡುತ್ತಾಳೆ. ಅವರು ಬಾಗಿಲಿಗೆ ಕೈ ಹಾಕುವ ತನಕ ಸುಮ್ಮನಿರುವುದು, ಹಾಕಿದರೆ ಹೇಳಿಯೇಬಿಡುವುದು ಎಂದು ತೀರ್ಮಾನಿಸಿದೆ. ಅವಳು ಮೇಷ್ಟ್ರನ್ನು ಕಳಿಸಿದ್ದು ಬಾಗಿಲ ಕಡೆಗಲ್ಲ, ಬಟ್ಟೆ ಬದಲಾಯಿಸುವ ಮೂಲೆಗೆ.

"ಆ ಪ್ಯಾಂಟ್ ಬಿಚ್ಚಿಟ್ಟು ನಮ್ಮ ಪೈಜಾಮ ಹಾಕ್ಕೊಳ್ಳಿ ಅಂಕಲ್. ತೊಡೆ ಹತ್ರ ಒದ್ದೆ ಬಟ್ಟೇಲಿ ಒರೆಸ್ಕೊಳ್ಳಿ. ಈ ಕ್ಯಾಮೆರಾ ದೊಡ್ಡ ಚಾಡಿಕೋರ. ಬಟ್ಟೆಗೆ ಒಂದು ಹನಿ ಔಷಧಿ ತಾಗಿದ್ರೂ ಹೇಳ್ಬಿಡತ್ತೆ."

ಔಷಧಿ ಎಂದಳು, ಮೂತ್ರ ಎನ್ನಲಿಲ್ಲ. ಅದನ್ನು ನಾನು ಕಲಿಸಿರಲಿಲ್ಲ.

ಮತ್ತೆ ಚಿತ್ರ ತೆಗೆದಳು. ಚುಕ್ಕೆ ಮಾಯ. ಬರೀ ಮೂಳೆ, ಅಂಚಿನ ತನಕ ಚೊಕ್ಕ. ನನಗೆ ಕುಣಿಯಬೇಕೆನಿಸಿತು, ಜೇಬಿನಲ್ಲಿ ಕೈಯಿಟ್ಟು ಕುಣಿಯುವುದು ಈ ಮಂಡಿಗಳಿಗೆ ಆಗದ ಮಾತು. ಅವಳು ಅಷ್ಟಕ್ಕೇ ನಿಲ್ಲಲಿಲ್ಲ. ಗ್ಲೌಸ್ ಹಾಕಿ, ಮೇಷ್ಟ್ರ ಪ್ಯಾಂಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಖಾಲಿ ಮೇಜಿನ ಮೇಲೆ ಅದೊಂದನ್ನೇ ಮಲಗಿಸಿದಳು. ಮಾನಿಟರಿನಲ್ಲಿ ಮನುಷ್ಯನೇ ಇಲ್ಲ, ಅದೇ ಚುಕ್ಕೆ ಮಾತ್ರ ಒಂಟಿಯಾಗಿ ಕೂತಿತ್ತು. ಈ ಉಪಾಯವನ್ನು ಯಾವತ್ತೋ ಊಟದ ಹೊತ್ತಿನಲ್ಲಿ ಹೇಳಿದ್ದೆ. ಎಲ್ಲರೂ ಮೊಬೈಲ್ ನೋಡುತ್ತಿದ್ದರು, ಯಾರೂ ಕೇಳಿಸಿಕೊಂಡಿಲ್ಲ ಎಂದುಕೊಂಡಿದ್ದೆ.

"ಪ್ಯಾಂಟ್‌ಗೂ ಸ್ಕ್ಯಾನಾ?" ಮೇಷ್ಟ್ರು ಇಣುಕಿದರು. "ಅದಕ್ಕೇನಾಗಿದೆಯಮ್ಮಾ?"

"ಅದಕ್ಕೇನೂ ಇಲ್ಲ, ಸ್ವಲ್ಪ ಜೋರು. ನಾಡಿದ್ದು ಬಂದು ತಗೊಂಡ್ಹೋಗಿ ಅಂಕಲ್, ಅಷ್ಟೊತ್ತಿಗೆ ಔಷಧಿ ಜೋರು ಇಳಿದಿರತ್ತೆ."

ಅವರು ಆಸ್ಪತ್ರೆಯ ಪೈಜಾಮದಲ್ಲೇ ಹೊರಟ ಮೇಲೆ ನನ್ನ ಕಡೆ ತಿರುಗಿದಳು. "ಮೇಡಂ, ಇನ್ನು ಕೈ ತೆಗೀಬಹುದು."

ತೆಗೆಯಲು ಹೋದರೆ ಬಲಗೈಯ ಬೆರಳುಗಳು ಹರಿದ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದವು. ಅವಳೇ ಬಿಡಿಸಿ ಪೆನ್ನು ಕೊಟ್ಟಳು. ಸೋಮವಾರದಿಂದ ಅವಳಿಗೆ ಅವಳದೇ ರೋಗಿಗಳು ಎಂದು ಸಹಿ ಹಾಕಿದೆ.

ಗ್ಯಾಸಿನ ನೆನಪಾದದ್ದು ಸಂಜೆ ಬನಶಂಕರಿ ದಾಟಿದ ಮೇಲೆ. ಸ್ಕೂಟರ್ ತಿರುಗಿಸಲಿಲ್ಲ. ಹೇಗೂ ಮನೆಗೇ ಹೋಗುತ್ತಿದ್ದೆ.