ಕುಂಕುಮದಡಿಯ ದೀಪ

ತಾಳವಾಡಿ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಊರಿಗೆ ಲೇಸರ್ ಪ್ರಿಂಟರ್ ತಂದ ಮೊದಲಿಗ ನಾನೇ ಎಂದು ಎರಡು ವರ್ಷ ಕೊಚ್ಚಿಕೊಂಡಿದ್ದೆ. ಮಾರಿದವರು ಹೇಳಿದ್ದು ಒಂದೇ ಮಾತು: ಮುಂಭಾಗದ ಹಳದಿ ದೀಪ ಹತ್ತಿದರೆ ಟೋನರ್, ಅಂದರೆ ಒಳಗಿನ ಕರಿಪುಡಿ, ಮುಗಿಯುತ್ತಾ ಬಂದಿದೆ, ಹೊಸ ಕಾರ್ಟ್ರಿಜ್ ತಂದಿಟ್ಟುಕೊಳ್ಳಿ. ಅದನ್ನೂ ಕೆಡಿಸುವ ಯೋಗ್ಯತೆ ನನಗಿತ್ತು.

ಆ ವರ್ಷದ ಆಯುಧಪೂಜೆಯಲ್ಲಿ ಪ್ರಿಂಟರಿಗೆ ವಿಭೂತಿ ಬಳಿದು, ಕುಂಕುಮ ಕಲಸಿ ದೊಡ್ಡದಾಗಿಯೇ ಇಟ್ಟೆ. ಇಟ್ಟದ್ದು ಸರಿಯಾಗಿ ಆ ದೀಪದ ಮೇಲೆ. ಪೂಜೆಗಿಟ್ಟ ಕುಂಕುಮವನ್ನು ನಾವು ಒರೆಸುವುದಿಲ್ಲ, ತಾನಾಗಿ ಉದುರಬೇಕು. ಮಳೆಗಾಲದ ಹೊತ್ತಿಗೆ ಅಕ್ಷರ ಮಾಸಲಾದವು. ಬಂದವರಿಗೆಲ್ಲ ಮಂಜಿಗೆ ಪೇಪರ್ ತೇವವಾಗಿದೆ ಎಂದೆ. ಕಾರ್ಟ್ರಿಜ್ ಹೊರತೆಗೆದು ರಾಗಿ ಕೇರಿದ ಹಾಗೆ ಅಲ್ಲಾಡಿಸಿದರೆ ನಾಲ್ಕು ಪುಟ ಕಪ್ಪಗೆ ಬರುತ್ತಿದ್ದವು. ದೀಪ ಹತ್ತಿಲ್ಲವೆಂದ ಮೇಲೆ ಟೋನರ್ ಇದೆ ಎಂದೇ ನನ್ನ ಹಟ.

ಒಂದು ಮಧ್ಯಾಹ್ನ ಪಣಕಹಳ್ಳಿಯ ಕೂಲಿ ಹೆಂಗಸೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ನರ್ಸ್ ತರಬೇತಿಯ ಅರ್ಜಿ ಮರುದಿನ ಬೆಳಿಗ್ಗೆ ಸತ್ಯಮಂಗಲದಲ್ಲಿ ಕೊಡಬೇಕು, ಟೈಪ್ ಮಾಡಿಯೇ ಕೊಡಬೇಕು. ನಾನು ಗತ್ತಿನಿಂದ ಟೈಪ್ ಮಾಡಿ ಪ್ರಿಂಟ್ ಒತ್ತಿದೆ. ಪುಟದ ನಡುವೆ ಬೈತಲೆ ತೆಗೆದಂತೆ ಬಿಳಿ ಪಟ್ಟೆ. ಹುಡುಗಿಯ ಹೆಸರು, ಅಂಕ, ಎಲ್ಲ ಅದರೊಳಗೆ ಹೋಗಿದ್ದವು. ಅಲ್ಲಾಡಿಸಿದೆ. ಪಟ್ಟೆ ಅಗಲವಾಯಿತು. ಇನ್ನೂ ಜೋರಾಗಿ ಅಲ್ಲಾಡಿಸಿದೆ. ಕರಿಪುಡಿ ನನ್ನ ಅಂಗಿಗೆ ಬಿತ್ತೇ ವಿನಾ ಕಾಗದಕ್ಕಲ್ಲ.

"ಈ ಸಲ ತಪ್ಪೋದ್ರ ನಾಳಿಂದ ನಾನೂ ಕೂಲಿಗ ಓಗ್ಬೇಕು ಕಣಣ್ಣ" ಎಂದು ಹುಡುಗಿ ಅಳತೊಡಗಿದಳು.

ಅವಳ ತಾಯಿ ಅಷ್ಟು ಹೊತ್ತಿನಿಂದ ಬಗ್ಗಿ ಪ್ರಿಂಟರನ್ನೇ ನೋಡುತ್ತಿದ್ದರು. "ಅಪ್ಪ, ಕುಂಕುಮದ ಸಂದೀಲಿ ಏನೋ ಮಿಣಮಿಣ ಅಂತದಲ್ಲ" ಎಂದು ಸೆರಗಿನಿಂದ ಒರೆಸಿಯೇ ಬಿಟ್ಟರು. ಹಳದಿ ದೀಪ. ಎಷ್ಟು ತಿಂಗಳಿಂದ ಉರಿಯುತ್ತಿತ್ತೋ.

ಅಂಗಡಿಗೆ ಬೀಗ ಜಡಿದು ಬೈಕಿನಲ್ಲಿ ಚಾಮರಾಜನಗರಕ್ಕೆ ಹೋಗಿ ಹೊಸ ಕಾರ್ಟ್ರಿಜ್ ತಂದೆ. ಊರಿನ ಬಸ್ ತಪ್ಪಿಸಿಕೊಂಡ ಅವರಿಬ್ಬರೂ ಸಂಜೆಯವರೆಗೆ ಅಂಗಡಿಯ ಮೆಟ್ಟಿಲ ಮೇಲೇ ಕೂತಿದ್ದರು. ಅರ್ಜಿ ಕಪ್ಪಗೆ ಹೊರಬಂತು. ಮರುದಿನ ಸತ್ಯಮಂಗಲದ ಮೊದಲ ಬಸ್ಸಿಗೆ ನಾನೇ ಹೋಗಿ ಅವರನ್ನು ಹತ್ತಿಸಿದೆ. ಹುಡುಗಿಗೆ ತರಬೇತಿಯ ಸೀಟು ಸಿಗುವವರೆಗೂ ನನಗೆ ಊಟ ರುಚಿಸಲಿಲ್ಲ.

ಮುಂದಿನ ಆಯುಧಪೂಜೆಗೆ ಆ ತಾಯಿ ಕಡ್ಲೆಪುರಿ ಹಿಡಿದು ಬಂದರು. ಮಗಳು ತರಬೇತಿಗೆ ಸೇರಿದ್ದಳು. ಕುಂಕುಮದ ತಟ್ಟೆಯನ್ನು ಅವರ ಕೈಗೇ ಕೊಟ್ಟೆ. ಅವರು ಪ್ರಿಂಟರನ್ನು ಒಂದು ಸುತ್ತು ನೋಡಿ, ಹಿಂಬದಿಗೆ ಕುಂಕುಮ ಇಟ್ಟು, "ಇಲ್ಲಿರ್ಲಿ, ದೀಪ ಕಾಣ್ತದ" ಎಂದರು. ನಾನೂ ಭಕ್ತಿಯಿಂದ ಹಣೆಯೊಡ್ಡಿದೆ.

ನನ್ನನ್ನು ಒಂದು ಗಳಿಗೆ ನೋಡಿದರು. "ನಿಂಗ ಬ್ಯಾಡ ಕಣಪ್ಪ, ಮೊದ್ಲೇ ಕಣ್ಣು ಕಾಣಲ್ಲ" ಎಂದು ತಟ್ಟೆ ಕೆಳಗಿಟ್ಟರು.