ಮಗುವಿನ ಬಾಯಲ್ಲಿ ನನ್ನ ಮಾತು

ಮೊನ್ನೆ ಮೊಮ್ಮಗಳು ಬಿಸಿ ಹಂಚು ಮುಟ್ಟಿ ಬೆರಳು ಸುಟ್ಟುಕೊಂಡಳು. ಸೊಸೆ ಓಡಿ ಬಂದು ಹಳದಿ ಮುಲಾಮು ಹಚ್ಚಿದಳು. ಆ ವಾಸನೆ ಮೂಗಿಗೆ ಬಡಿಯುತ್ತಲೇ ನನ್ನ ಬಾಯಿಗೆ ಒಂದು ಪ್ರಶ್ನೆ ಬಂತು, 'ಅಣ್ಣ ದಬ್ಬಿದನೇನು?' ಅಷ್ಟರಲ್ಲೇ ನುಂಗಿಕೊಂಡೆ. ಮಗುವನ್ನು ಹಾಗೆ ಕೇಳಬಾರದು. ಅದನ್ನು ನನಗೆ ಕಲಿಸಿದವಳು ನನ್ನ ಅಕ್ಕ. ಕಲಿಯುವಾಗ ನಾನು ತೆತ್ತದ್ದು ಏನೂ ಇಲ್ಲ. ತೆತ್ತವರು ಬೇರೆಯವರು...

ನಾವು ದೇವದುರ್ಗದವರು. ಅಪ್ಪ ಅವ್ವ ಕೂಲಿಗೆ ಹೋಗುತ್ತಿದ್ದರು. ನಾಲ್ಕನೆಯ ತರಗತಿಗೆ ನನ್ನನ್ನು ಶಾಲೆ ಬಿಡಿಸಿದರು. ಅಕ್ಕ ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದಳು. ನಮ್ಮ ಕೇರಿಯಲ್ಲಿ ಸರ್ಕಾರಿ ಕುರ್ಚಿಯ ಮೇಲೆ ಕುಳಿತ ಮೊದಲ ಹೆಣ್ಣು ಅವಳೇ. ಹೊಟ್ಟೆಕಿಚ್ಚು ನನಗೆ ಒಂದು ದಿನವೂ ಬರಲಿಲ್ಲ. ಅವಳ ಸೀರೆಗೆ ಇಸ್ತ್ರಿ ಮಾಡುವಾಗಲೂ ನನ್ನ ಎದೆ ಉಬ್ಬುತ್ತಿತ್ತು.

ರಾಯಚೂರಿನಲ್ಲೇ, ದಿಕ್ಕಿಲ್ಲದ ಮಕ್ಕಳನ್ನು ಇಡುವ ಸರ್ಕಾರಿ ಮನೆಯಲ್ಲಿ ಅವಳು ಮೇಲ್ವಿಚಾರಕಿ. ಅದರ ಹಿಂದಿನ ಎರಡು ಖೋಲಿಗಳಲ್ಲಿ ನಮ್ಮ ಸಂಸಾರ. ಅಡುಗೆಯವಳು ಬಿಟ್ಟುಹೋದ ಮೇಲೆ ಮಕ್ಕಳ ಅಡುಗೆಯನ್ನೂ ನಾನೇ ಮಾಡುತ್ತಿದ್ದೆ. ಮನೆಯಲ್ಲೇ ಹೊಡೆತ ತಿಂದ ಮಕ್ಕಳು, ಮೈಮೇಲೆ ಗಾಯವಿದ್ದು ಯಾರು ಮಾಡಿದರೆಂದು ಹೇಳದ ಮಕ್ಕಳು... ಇಂಥವರನ್ನು ಪೊಲೀಸರು ಅಕ್ಕನ ಹತ್ತಿರ ತರುತ್ತಿದ್ದರು. ಮಗುವಿಗೆ ಏನಾಯಿತೆಂದು ಮಗುವಿನಿಂದಲೇ ಕೇಳಿ ತಿಳಿದು ಮ್ಯಾಜಿಸ್ಟ್ರೇಟರ ಮುಂದೆ ಹೇಳುವುದು ಅವಳ ಕೆಲಸ. ಈಗ ಅದಕ್ಕೆ ದೊಡ್ಡ ತರಬೇತಿ ಇದೆಯಂತೆ, ಬಣ್ಣ ಬಳಿದ ಕೋಣೆ ಇದೆಯಂತೆ. ಆಗ ಆ ಕೆಲಸಕ್ಕೆ ಒಂದು ಹೆಸರೂ ಇರಲಿಲ್ಲ.

ಅಕ್ಕ ಮಗುವಿನ ಎದುರು ಕೂರುತ್ತಿರಲಿಲ್ಲ, ಪಕ್ಕದಲ್ಲಿ ಕೂರುತ್ತಿದ್ದಳು. ಇಬ್ಬರ ನಡುವೆ ಒಂದು ಮೊರ, ಮೊರದಲ್ಲಿ ಜೋಳ. ಇಬ್ಬರೂ ಕಲ್ಲು ಆರಿಸುತ್ತಿದ್ದರು. ಕೈಗೆ ಕೆಲಸವಿದ್ದರೆ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ, ಕಣ್ಣು ತಪ್ಪಿಸಿದರೆ ಬಾಯಿ ಬಿಚ್ಚುತ್ತದೆ ಎನ್ನುವಳು. ಮಗು ಒಂದು ಮಾತಾಡಿದರೆ ಅಕ್ಕ 'ಆಮ್ಯಾಲೆ?' ಅನ್ನುವಳು, ಅಷ್ಟೇ. ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಯನ್ನು ಎಂದೂ ಕೇಳುತ್ತಿರಲಿಲ್ಲ.

ಠಾಣೆಯ ಜಮಾದಾರರಿಗೆ ಇದು ತಮಾಷೆ.

"ಅಕ್ಕಾರ, ಒಂದು ಕೂಸಿನ ಬಾಯಿ ಬಿಡಸಾಕ ವಾರಗಟ್ಲೆ ಬೇಕೇನ್ರಿ? ನಮ್ಮ ಕಡಿ ಕೊಡ್ರಿ, ಒಂದು ತಾಸಿನಾಗ ಹಾಡಸ್ತೀವಿ."

"ನೀವು ಹಾಡಸಿದ್ರ ನಿಮ್ಮ ಹಾಡೇ ಹಾಡ್ತದ ಜಮಾದಾರ್ರ. ನನಗ ಅದರ ಹಾಡು ಬೇಕಾಗೇದ."

ಎಂಬತ್ತರ ದಶಕದ ಮೊದಲ ವರ್ಷಗಳು. ಶಕ್ತಿನಗರದಲ್ಲಿ ಕರೆಂಟಿನ ಸ್ಥಾವರ ಕಟ್ಟುತ್ತಿದ್ದರು. ಅಲ್ಲಿ ಕೂಲಿಗೆ ಹೋಗಿದ್ದವನೊಬ್ಬನ ಮಗಳನ್ನು ಮಾನ್ವಿ ಕಡೆಯ ಹಿರೇಕೊಟ್ನೆಕಲ್‌ನಿಂದ ತಂದರು. ಆರು ವರ್ಷವಿರಬಹುದು. ಎಡಗೈ ಮೇಲೆ ಬರೆ, ಅದಕ್ಕೆ ಹಳದಿ ಮುಲಾಮು. ಮಗುವನ್ನು ರಾಯಚೂರಿನ ಆಸ್ಪತ್ರೆಗೆ ಹೊತ್ತು ತಂದವಳು ಅದರ ಸೋದರತ್ತೆ. ಮಲತಾಯಿ ಸುಟ್ಟಳೆಂದು ದೂರು ಕೊಟ್ಟವಳೂ ಅವಳೇ. ಮಗು ಸಣ್ಣವ್ವ ಎನ್ನುತ್ತಿದ್ದ ಆ ಮಲತಾಯಿ ನಾನಲ್ಲ ನಾನಲ್ಲ ಎಂದಳು. ಮಲತಾಯಿಯ ಮಾತನ್ನು ಯಾರು ನಂಬುತ್ತಾರೆ?

ಅಕ್ಕ ನಂಬಲೂ ಇಲ್ಲ, ನಂಬದೇ ಇರಲೂ ಇಲ್ಲ. ಮೊರ ಹಿಡಿದು ಕುಳಿತಳು. ಮಗು 'ಬಿಸಿ ಆತು' ಎಂದಿತು, ಮುಂದೆ ಹೋಗಲಿಲ್ಲ. ದಿನಗಳು ಕಳೆದವು. ಪೊಲೀಸರು ಬಂದು ನಕ್ಕು ಹೋದರು. ಮೇಲಿನ ಸಾಹೇಬರು ಚೀಟಿ ಮೇಲೆ ಚೀಟಿ ಕಳಿಸಿದರು. ಅವರೆಲ್ಲ ಅಕ್ಕನನ್ನು ಆಡಿಕೊಳ್ಳುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

ಆ ಅತ್ತೆಯೋ, ಮಗುವನ್ನು ನೋಡಲು ಬಂದಾಗಲೆಲ್ಲ ನನ್ನ ಅಡುಗೆಮನೆ ಬಾಗಿಲಲ್ಲಿ ಕುಳಿತು ಅಳುವಳು. ಒಲೆ ಮುಂದೆ ಕೂರಿಸಿದಳಂತೆ, ಚಮಚ ಕಾಸಿದಳಂತೆ... ಕಣ್ಣಾರೆ ಕಂಡವಳ ಹಾಗೆ ಹೇಳುವಳು. ನಾನು ಕರಗಿಹೋದೆ.

ಒಂದು ಮಧ್ಯಾಹ್ನ ಅಕ್ಕ ಕೋರ್ಟಿಗೆ ಹೋಗಿದ್ದಳು. ಮಗುವಿಗೆ ಬಿಸಿ ರೊಟ್ಟಿಯ ಮೇಲೆ ಬೆಲ್ಲ ತುಪ್ಪ ಹಾಕಿ ಕೊಟ್ಟೆ. ಹತ್ತಿರ ಕೂರಿಸಿಕೊಂಡೆ.

"ಸಣ್ಣವ್ವ ಒಲಿ ಮುಂದ ಕುಂದ್ರಿಸಿ, ಚಮಚಾ ಕಾಸಿ ಬರಿ ಕೊಟ್ಳಲ್ಲ? ಹೌದಲ್ಲವ್ವಾ? ಅಕ್ಕಾರ ಮುಂದ ಹಂಗ ಹೇಳಿಬಿಡು. ನಿಮ್ಮ ಅತ್ತಿ ಮನಿಗಿ ಕಳಸ್ತಾರ."

ಮಗು ಬೆಲ್ಲ ನೆಕ್ಕುತ್ತಾ ತಲೆಯಾಡಿಸಿತು.

ಮರುದಿನ ಮೊರದ ಮುಂದೆ ಅದು ಅಕ್ಕನಿಗೆ ಎಲ್ಲ ಹೇಳಿತು. ಅಕ್ಕ ಸಂತೋಷಪಡಲಿಲ್ಲ. ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಬಂದು ಪಕ್ಕದಲ್ಲಿ ಕುಳಿತಳು, ಮಕ್ಕಳ ಪಕ್ಕ ಕೂರುವ ಹಾಗೆಯೇ. ಹಿಟ್ಟು ನಾದಲು ಕೈ ಹಾಕಿದಳು. ಅದು ಏತಕ್ಕೆಂದು ನನಗೆ ಗೊತ್ತಿತ್ತು.

"ನೀ ಏನರ ಅಂದೀಯೇನಬೇ ಅದಕ್ಕ?"

"ನಾ ಯಾಕ ಅನ್ಲಿ?"

ಯಾವ ಮಗುವಿನ ಮಾತನ್ನೂ ಹತ್ತು ಸಲ ತೂಗುತ್ತಿದ್ದವಳು ತಂಗಿಯ ಮಾತನ್ನು ಒಂದೇ ಸಲಕ್ಕೆ ನಂಬಿದಳು. ವರದಿ ಕೊಟ್ಟಳು. ಮಲತಾಯಿಯನ್ನು ಜೈಲಿಗೆ ಹಾಕಿದರು. ಮಡಿಲಲ್ಲಿ ಹಾಲು ಕುಡಿಯುವ ಗಂಡುಕೂಸು, ಅದೂ ಅವಳ ಜೊತೆ ಹೋಯಿತು.

ವಿಚಾರಣೆ ಹತ್ತಿರ ಬಂದಾಗ ಅಕ್ಕ ಮಗುವನ್ನು ಮತ್ತೊಮ್ಮೆ ಕೇಳಿದಳು. ಅದು ಹೇಳಿತು, ಅದೇ ಮಾತು, ಅದೇ ಸಾಲು, ಒಂದಕ್ಷರ ಆಚೀಚೆ ಇಲ್ಲ. ಬಾಗಿಲ ಹಿಂದೆ ನಿಂತಿದ್ದ ನನಗೇ ಅದು ಶಾಲೆಯ ಪದ್ಯದ ಹಾಗೆ ಕೇಳಿಸಿತು. ನೆನಪು ಎರಡು ಸಲ ಒಂದೇ ರೀತಿ ಬರುವುದಿಲ್ಲ, ಬಾಯಿಪಾಠ ಮಾತ್ರ ಹಾಗೆ ಬರುತ್ತದೆ. ಅಕ್ಕ ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದಳು.

ಅಂದಿನಿಂದ ಅವಳು ಎಲ್ಲವನ್ನೂ ಮೊದಲಿನಿಂದ ಶುರುಮಾಡಿದಳು. ನನ್ನನ್ನು ಮಗುವಿನ ಹತ್ತಿರ ಬಿಡಲಿಲ್ಲ. ಊಟವನ್ನು ಅವಳೇ ಬಡಿಸಿದಳು. ಬರೆಯ ಮಾತನ್ನೇ ಎತ್ತದೆ ಎಮ್ಮೆ, ಕರು, ಹೊಲ ಎಂದು ಮಾತಾಡಿದಳು. ಕೊನೆಗೊಂದು ಬೆಳಿಗ್ಗೆ ಜೋಳ ಆರಿಸುತ್ತಾ ಮಗು ತಾನಾಗಿಯೇ ಹೇಳಿದ್ದು ಬಾಗಿಲ ಹಿಂದಿದ್ದ ನನಗೂ ಕೇಳಿಸಿತು.

"ಸಣ್ಣವ್ವ ಮನ್ಯಾಗ ಇದ್ದಿದ್ದಿಲ್ಲ. ಕಳೆ ತೆಗಿಯಾಕ ಹೋಗಿದ್ಳು."

"ಆಮ್ಯಾಲೆ?"

"ನಾ ಹಾಲು ಚೆಲ್ಲಿದೆ. ಅತ್ತಿಗಿ ಸಿಟ್ಟು ಬಂತು. ಸಣ್ಣವ್ವ ಬಂದು ನೀರಾಗ ಕೈ ಅದ್ದಿದ್ಳು. ಅಕಿ ಬಾಳ ಅತ್ಳು, ನನಕಿಂತ ಜಾಸ್ತಿ."

ಒಲೆ ನಿಜ, ಚಮಚ ನಿಜ. ಕೈ ಮಾತ್ರ ಬೇರೆಯದು. ಅತ್ತೆ ಕಣ್ಣಾರೆ ಕಂಡವಳ ಹಾಗೆ ಹೇಳಿದ್ದು ಯಾಕೆಂದು ಆಗ ನನಗೆ ತಿಳಿಯಿತು.

ಕೋರ್ಟಿಗೆ ನಾನೂ ಹೋಗಿದ್ದೆ. ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಅಕ್ಕ ಎದ್ದು ನಿಂತು, ತಾನು ಕೊಟ್ಟ ಮೊದಲ ವರದಿ ತಪ್ಪು ಎಂದಳು. ಮಗುವಿನ ಬಾಯಲ್ಲಿ ದೊಡ್ಡವರ ಮಾತು ಬಂದಿತ್ತು, ಅದನ್ನು ತಾನು ಗುರುತಿಸಲಿಲ್ಲ ಎಂದಳು.

"ಆ ಮಾತು ಹಾಕಿದವರು ಯಾರು?" ಎಂದು ಮ್ಯಾಜಿಸ್ಟ್ರೇಟ್ ಸಾಹೇಬರು ಕೇಳಿದರು.

"ಮಗು ನನ್ನ ಜವಾಬ್ದಾರಿಯಲ್ಲಿತ್ತು ಸ್ವಾಮಿ. ತಪ್ಪು ನನ್ನದು."

ವಕೀಲರು ತಮ್ಮತಮ್ಮಲ್ಲೇ ನಕ್ಕರು, ಜಮಾದಾರರು ನೆಲ ನೋಡಿದರು. ಸರ್ಕಾರಿ ನೌಕರಿಯಲ್ಲಿರುವ ಹೆಣ್ಣೊಬ್ಬಳು ತುಂಬಿದ ಕೋರ್ಟಿನಲ್ಲಿ ತಪ್ಪು ತನ್ನದೆಂದು ಹೇಳಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಇವಳು ನನ್ನ ಅಕ್ಕ ಎಂದು ಕೂಗಿ ಹೇಳಬೇಕೆನಿಸಿತು. ಅದಕ್ಕಿಂತ ಮೊದಲು ಹೇಳಬೇಕಾಗಿದ್ದ ಮಾತು ಬೇರೆ ಇತ್ತು. ಅದನ್ನು ಹೇಳಲಿಲ್ಲ. ಗೋಡೆಗೆ ಒರಗಿಕೊಂಡೇ ಇದ್ದೆ...

ಮಲತಾಯಿ ಬಿಡುಗಡೆಯಾದಳು. ಮಗು ಅವಳ ಸೆರಗು ಹಿಡಿದು ಹೊರಟಿತು. ಎರಡು ಬಗೆಯಲ್ಲಿ ಹೇಳಿದ ಮಗುವಿನ ಮಾತು ಸಾಲದೆಂದು ಅತ್ತೆಗೆ ಏನೂ ಆಗಲಿಲ್ಲ. ಅಕ್ಕನ ಬಡ್ತಿ ನಿಂತಿತು. ಮಕ್ಕಳ ಹತ್ತಿರ ಬಿಡದೆ ಕಚೇರಿಯ ಮೂಲೆಯಲ್ಲಿ ಕೂರಿಸಿದರು. ಒಂದೆರಡು ವರ್ಷ ಕಳೆದ ಮೇಲೆ, ಯಾರಿಗೂ ಬಾಯಿ ಬಿಡದ ಮಗುವೊಂದು ಬಂದಾಗ ಅದೇ ಮ್ಯಾಜಿಸ್ಟ್ರೇಟ್ ಸಾಹೇಬರು ಹೇಳಿ ಕಳಿಸಿದರಂತೆ: 'ತಪ್ಪು ಒಪ್ಪಿಕೊಂಡ ಆ ಅಕ್ಕನನ್ನು ಕರೆಸಿ, ಅವರು ಹೇಳಿದರೆ ನಂಬುತ್ತೇನೆ.' ಆಮೇಲೆ ನಿವೃತ್ತಿಯವರೆಗೂ ಅವಳು ಮೊರ ಕೆಳಗಿಡಲಿಲ್ಲ. ಎಷ್ಟು ಮಕ್ಕಳ ಮಾತು ಅವಳ ಕಿವಿಯಿಂದ ಕೋರ್ಟಿಗೆ ಹೋಯಿತೋ!

ನನ್ನನ್ನು ಮಾತ್ರ ಅವಳು ಮತ್ತೆ ಕೇಳಲಿಲ್ಲ. ನಾನಾಗಿ ಹೇಳಲಿ ಎಂದು ಕಾಯುತ್ತಿದ್ದಳೋ ಏನೋ. ಹೋದ ವರ್ಷ ತೀರಿಕೊಂಡಳು.

ಅವಳ ವರ್ಷದ ಪೂಜೆ ಮುಗಿದ ಮೇಲೆ ನಾನೊಬ್ಬಳೇ ಬಸ್ಸು ಹತ್ತಿ ಹಿರೇಕೊಟ್ನೆಕಲ್‌ಗೆ ಹೋದೆ. ಕೇಳುತ್ತಾ ಹೋಗಿ ಮನೆ ಹುಡುಕಿದೆ. ಆ ತಾಯಿ ಕಟ್ಟೆಯ ಮೇಲೆ ಕುಳಿತಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆ ಮಗಳು ಸಿರವಾರದಲ್ಲಿದ್ದಾಳೆ, ಅವಳಿಗೂ ಮೊಮ್ಮಕ್ಕಳಾಗಿದ್ದಾರೆ ಎಂದಳು. ಟ್ರ್ಯಾಕ್ಟರ್ ತೊಳೆಯುತ್ತಿದ್ದ ಮಗನನ್ನು ತೋರಿಸಿದಳು.

"ಅವಾಗ ನನ್ನ ಮಡಲಾಗ ಇದ್ದವ ಇವನೇ. ಊರಾಗ ಇವತ್ತಿಗೂ ಜೈಲಪ್ಪ ಅಂತಾರ."

ನಾನು ಎಲ್ಲ ಹೇಳಿದೆ. ರೊಟ್ಟಿ, ಬೆಲ್ಲ, ಅಕ್ಕನ ಮುಂದೆ ಆಡಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಅವಳು ತನ್ನ ಬಾಗಿಲ ಕಡೆ ನೋಡಿದಳು.

"ನಿಮ್ಮಕ್ಕಾರು ಬಂದಿದ್ರು. ನಾ ಬಿಡುಗಡಿ ಆಗಿ ಬಂದ ವಾರದಾಗ. ಇಲ್ಲೇ ಬಾಗಲ ಮುಂದ ನಿಂತು ಕೈ ಮುಗದ್ರು. ನಾ ಒಳಗ ಬರ್ರಿ ಅನ್ಲಿಲ್ಲ. ಬಿಸಲಾಗ ಬಂದಾಕಿಗಿ ಒಂದು ತಂಬಿಗಿ ನೀರು ಸೈತ ಕೊಡ್ಲಿಲ್ಲ. ಇಷ್ಟು ವರ್ಷ ಅಕಿ ಮ್ಯಾಲೇ ಸಿಟ್ಟು ಇತ್ತು ನನಗ."

ಅಕ್ಕ ಅಲ್ಲಿಗೆ ಹೋಗಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

"ಆ ಸಿಟ್ಟು ನನ್ನ ಮ್ಯಾಲ ಮಾಡ್ಕೊ ಯವ್ವಾ" ಎಂದೆ.

"ಮುದುಕಿ ಆದಮ್ಯಾಲ ಬಂದು ಕೇಳ್ತಿ, ಎಲ್ಲಿಂದ ತರ್ಲಿ ಅಷ್ಟು ಸಿಟ್ಟು?" ಎಂದು ಎದ್ದು ಒಳಗೆ ಹೋದಳು. ಬಾಗಿಲಲ್ಲಿ ತಿರುಗಿ, "ಕುಂದ್ರು, ಚಾ ಇಡ್ತೀನಿ" ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ದನಿ ಬಂತು. "ಅಷ್ಟು ದೂರದಿಂದ ಬಂದಿದ್ಳು ನಿಮ್ಮಕ್ಕ. ನಾ ನೀರು ಕೊಡಬೇಕಾಗಿತ್ತು."

ಅವಳು ಕೊಟ್ಟ ಚಹಾ ಕುಡಿದೆ. ಅದು ಅಕ್ಕನಿಗೆ ಸೇರಬೇಕಾಗಿದ್ದ ಮರ್ಯಾದೆ. ಬಾಯಿ ಮುಚ್ಚಿಕೊಂಡಿದ್ದವಳು ನಾನು, ಆ ಕಟ್ಟೆಯ ಮೇಲೆ ಕುಳಿತವಳೂ ನಾನೇ... ಈಗ ಆ ಊರಿನಲ್ಲಿ ಅಕ್ಕನ ಮೇಲೆ ಯಾರಿಗೂ ಸಿಟ್ಟಿಲ್ಲ. ಅದನ್ನು ಕೇಳಿಸಿಕೊಳ್ಳಲು ಅವಳಿಲ್ಲ.